ಬೆಂಗಳೂರಲ್ಲಿ ಬಾಡಿಗೆ, ಭೋಗ್ಯ, ಹೋಮ್ ಲೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಲ್ಲಿ ಕೆಲವರು ತಿಂಗಳ ಬಾಡಿಗೆ ಕಟ್ಟುತ್ತಾರೆ, ಕೆಲವರು ಒಂದು ಗಂಟು ಕೊಟ್ಟು ಭೋಗ್ಯಕ್ಕೆ (ಲೀಸಿಗೆ; ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಗಂಟು ವಾಪಸ್) ಇರುತ್ತಾರೆ, ಇನ್ನು ಕೆಲವರು ಬ್ಯಾಂಕಿಗೆ ಇಎಂಐ ಕಟ್ಟುತ್ತಾ ಸ್ವಂತ ಮನೆ ಅನ್ನುತ್ತಾರೆ. ಸಾಲವೇ ಇಲ್ಲದ ಸ್ವಂತ ಮನೆಯವರೂ ಇದ್ದಾರೆ, ಅವರು ಆರಾಮಾಗಿ ಬೇರೆ ಏನಾದರೂ ಓದಬಹುದು. ಉಳಿದವರು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಾಡಿಗೆ ಕಟ್ಟಿ ಮುಳುಗಿದವರನ್ನು ನಾನು ನೋಡಿಲ್ಲ, ಕಾಗದ ನೋಡದೆ ಗಂಟು ಕೊಟ್ಟು ಮುಳುಗಿದವರನ್ನು ಬೇಕಾದಷ್ಟು ನೋಡಿದ್ದೇನೆ. ಇಲ್ಲಿರುವ ದರಗಳು 2025ರ ಕೊನೆಯವು.

ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ಇದು ಕಾನೂನಾ?

ಕಾನೂನಲ್ಲ, ರೂಢಿ. ಬೆಂಗಳೂರಿನ ಹಳೇ ರೂಢಿ. ಈಗ ಐದಾರು ತಿಂಗಳಿಗೂ ಒಪ್ಪುವ ಓನರ್‌ಗಳು ಸಿಗುತ್ತಾರೆ, ಅದರಲ್ಲೂ ಮನೆ ಎರಡು ಮೂರು ತಿಂಗಳು ಖಾಲಿ ಬಿದ್ದಿದ್ದರೆ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದು ತಂದಿತು, ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳಬಾರದು ಅಂತ ಇದೆ. ಆದರೆ ಹೆಸರೇ ಹೇಳುವ ಹಾಗೆ ಅದು ಬರೀ ಮಾದರಿ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಇಲ್ಲಿ ನಡೆಯುವುದು. ಮೊಬೈಲಲ್ಲಿ ಅದರ ಸುದ್ದಿ ತೋರಿಸಿ ಓನರ್ ಹತ್ತಿರ ವಾದ ಮಾಡಿದರೆ ಮನೆ ಇನ್ನೊಬ್ಬರಿಗೆ ಹೋಗುತ್ತದೆ ಅಷ್ಟೇ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆಯಲ್ಲ ಅಂತ ಕೇಳುತ್ತಾರೆ. ಇದೆ. ಆದರೆ ಬೆಂಗಳೂರಿನಂಥ ಊರುಗಳಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಈಗ 3,500ಕ್ಕೆ ಒಂದು ರೂಮೂ ಸಿಗುವುದಿಲ್ಲ, ಹಾಗಾಗಿ ನಿಮ್ಮ ಅಗ್ರಿಮೆಂಟಲ್ಲಿ ಏನು ಬರೆದಿದೆಯೋ ಅದೇ ನಿಮ್ಮ ಕಾನೂನು ಅಂತ ತಿಳಿದುಕೊಳ್ಳಿ.

ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಸರಿನಾ?

ಅಗ್ರಿಮೆಂಟಲ್ಲಿ ಬರೆದಿದ್ದರೆ ಸರಿ. ಬಹುತೇಕ ಎಲ್ಲರೂ ಬರೆದಿರುತ್ತಾರೆ. ಜಗಳ ಶುರುವಾಗುವುದು ಪೇಂಟಿಂಗ್ ಮೇಲೆ "ಕ್ಲೀನಿಂಗ್", "ನಲ್ಲಿ ರಿಪೇರಿ", "ಗೋಡೆಗೆ ಮೊಳೆ ಹೊಡೆದಿದ್ದೀರಿ" ಅಂತ ಸೇರಿಸಿದಾಗ. ಮನೆಗೆ ಸಾಮಾನು ಇಳಿಸುವ ಮೊದಲೇ ಒಂದು ವಿಡಿಯೋ ಮಾಡಿ, ಗೋಡೆ, ಬಾತ್‌ರೂಮ್, ಸ್ವಿಚ್ ಬೋರ್ಡ್ ಎಲ್ಲ ತೋರಿಸಿ, ಅದೇ ದಿನ ಓನರ್‌ಗೆ ವಾಟ್ಸಾಪ್ ಮಾಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಡ್ವಾನ್ಸ್ ದುಡ್ಡನ್ನು ಬ್ಯಾಂಕ್ ಮೂಲಕವೇ ಕಳಿಸಿ. ಕ್ಯಾಶ್ ಕೊಟ್ಟು ಅಗ್ರಿಮೆಂಟಲ್ಲಿ ಅರ್ಧ ಮೊತ್ತ ತೋರಿಸಿ ಅಂದರೆ ಆ ಮನೆ ಬೇಡ.

11 ತಿಂಗಳ ಅಗ್ರಿಮೆಂಟ್ ಯಾಕೆ?

ಒಂದು ವರ್ಷ ಮೀರಿದ ಬಾಡಿಗೆ ಅಗ್ರಿಮೆಂಟನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಆ ಓಡಾಟ, ಖರ್ಚು ಬೇಡ ಅಂತ 11 ತಿಂಗಳು. ಇದರಲ್ಲಿ ಮೋಸ ಏನಿಲ್ಲ. ನೀವು ನೋಡಬೇಕಾದ್ದು ಮೂರು ಸಾಲು: ನೋಟಿಸ್ ಎಷ್ಟು ತಿಂಗಳು, ವರ್ಷಕ್ಕೆ ಬಾಡಿಗೆ ಶೇ. 5 ಏರುತ್ತಾ 10 ಏರುತ್ತಾ, ಅಡ್ವಾನ್ಸ್ ವಾಪಸ್ ಯಾವಾಗ. "ಮುಂದಿನ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇವೆ" ಅಂತ ಇದ್ದರೆ ಹೊಡೆದುಹಾಕಿಸಿ, ಕೀ ಕೊಟ್ಟ ದಿನವೇ ಅಂತ ಬರೆಸಿ.

ಬಾಡಿಗೆ ಮನೆಯವರಿಗೂ ಗೃಹಜ್ಯೋತಿ ಸಿಗುತ್ತಾ?

ಈ ಉಚಿತ ಕರೆಂಟ್ ಯೋಜನೆ ಅವರಿಗೂ ಸಿಗುತ್ತದೆ. ಮೀಟರಿನ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಲ್ಲಿರುವ ಸಂಪರ್ಕ ಸಂಖ್ಯೆ) ನಿಮ್ಮ ಆಧಾರ್ ಜೋಡಿಸಬೇಕು, ಮೀಟರ್ ಓನರ್ ಹೆಸರಲ್ಲಿದ್ದರೂ ಪರವಾಗಿಲ್ಲ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಬಿಡಿಸಿಕೊಳ್ಳದೆ ಹೋಗಿದ್ದರೆ ನಿಮ್ಮದು ಸೇರುವುದಿಲ್ಲ. ನೀವು ಖಾಲಿ ಮಾಡುವಾಗಲೂ ಡಿ-ಲಿಂಕ್ ಮಾಡಿ ಹೋಗಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ನಿಮಗೇ ತೊಂದರೆ.

ಭೋಗ್ಯಕ್ಕೆ ಹೋದರೆ ಬಾಡಿಗೆ ಉಳಿಯುತ್ತದೆ ಅಲ್ವಾ? 20 ಲಕ್ಷ ಕೊಟ್ಟರೆ ಮೂರು ವರ್ಷ ಫ್ರೀ!

ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಒಂದು ಎರಡು ಬೆಡ್‌ರೂಮ್ ಮನೆ, ತಿಂಗಳಿಗೆ 22,000 ಬಾಡಿಗೆ ಬರುವಂಥದ್ದು, ಅದನ್ನು 20 ಲಕ್ಷಕ್ಕೆ ಭೋಗ್ಯಕ್ಕೆ ಕೊಡುತ್ತಾರೆ ಅಂದುಕೊಳ್ಳಿ. ನಿಮ್ಮ 20 ಲಕ್ಷ ಶೇ. 6.5ರ ಎಫ್‌ಡಿಯಲ್ಲಿ ಇದ್ದಿದ್ದರೆ ವರ್ಷಕ್ಕೆ 1.3 ಲಕ್ಷ, ಅಂದರೆ ತಿಂಗಳಿಗೆ 11,000 ಹತ್ತಿರ. 22,000ದ ಮನೆ 11,000ಕ್ಕೆ ಸಿಕ್ಕ ಹಾಗಾಯಿತು. ನಿಮಗೆ ಲಾಭ, ನಿಜ.

ಈಗ ಓನರ್ ಕಡೆಯಿಂದ ಲೆಕ್ಕ ಹಾಕಿ. ಆತ ವರ್ಷಕ್ಕೆ 2,64,000 ಬಾಡಿಗೆ ಬಿಟ್ಟುಕೊಟ್ಟು 20 ಲಕ್ಷ ತಗೊಳ್ಳುತ್ತಿದ್ದಾನೆ, ಅಂದರೆ ಶೇ. 13ಕ್ಕೂ ಜಾಸ್ತಿ ಬಡ್ಡಿಗೆ ಸಾಲ ಮಾಡುತ್ತಿದ್ದಾನೆ. ಕಾಗದ ಸರಿಯಿರುವ ಮನೆ ಇಟ್ಟರೆ ಬ್ಯಾಂಕಲ್ಲಿ ಅದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಸಿಗುವಾಗ ನಿಮ್ಮ ಹತ್ತಿರ ಯಾಕೆ ಬಂದ? ಮಗಳ ಮದುವೆ, ಅರ್ಜೆಂಟು, ಆದಾಯದ ದಾಖಲೆ ಇಲ್ಲ, ಇಂಥ ಕಾರಣ ಇದ್ದರೆ ಸರಿ, ಎಷ್ಟೋ ಓನರ್‌ಗಳು ಹೀಗೆ ಒಳ್ಳೆಯವರೇ ಇರುತ್ತಾರೆ. ಆದರೆ ಬಹಳ ಸಲ ಕಾರಣ ಏನೆಂದರೆ ಬ್ಯಾಂಕ್ ಕೊಡಲ್ಲ ಅಂದಿದೆ, ಇಲ್ಲವೇ ಆಗಲೇ ಕೊಟ್ಟಾಗಿದೆ. ಪ್ಲಾನ್ ಮೀರಿ ಎರಡು ಮಹಡಿ ಎತ್ತಿದ ಕಟ್ಟಡ, ಬಿ ಖಾತಾ (ಮಂಜೂರಾತಿ ಇಲ್ಲದ ಆಸ್ತಿಯ ತೆರಿಗೆ ದಾಖಲೆ), ಅಣ್ಣ ತಮ್ಮಂದಿರ ಕೇಸು, ಅಥವಾ ಅದೇ ಮನೆ ಮೇಲೆ ದೊಡ್ಡ ಸಾಲ. ಬ್ಯಾಂಕಿನ ವಕೀಲರು ಬೇಡ ಅಂದ ಕಾಗದವನ್ನು ನೀವು ನೋಡದೆಯೇ ಬೇಕು ಅಂದ ಹಾಗೆ ಆಯಿತು.

ಇನ್ನೊಂದು ಲೆಕ್ಕವನ್ನೂ ಮರೆಯಬೇಡಿ. ನಾಲ್ಕು ಮನೆಯ ಕಟ್ಟಡದಲ್ಲಿ ನಾಲ್ಕೂ ಭೋಗ್ಯಕ್ಕೆ ಇದ್ದರೆ ಓನರ್‌ಗೆ ತಿಂಗಳ ಆದಾಯವೇ ಇಲ್ಲ. ನಿಮ್ಮ 20 ಲಕ್ಷ ವಾಪಸ್ ಬರಬೇಕೆಂದರೆ ಮುಂದಿನವರು 20 ಲಕ್ಷ ತರಬೇಕು. ಹೋಗುವ ಮೊದಲು ಮೇಲಿನ ಮನೆಯವರು, ಪಕ್ಕದವರು ಹೇಗಿದ್ದಾರೆ ಅಂತ ವಿಚಾರಿಸಿ. "ನಾವೂ ಲೀಸಿಗೇ ಇರೋದು, ಮುಗಿದು ಎಂಟು ತಿಂಗಳಾಯ್ತು, ದುಡ್ಡಿಗೆ ಕಾಯ್ತಾ ಇದೀವಿ" ಅಂತ ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಭೋಗ್ಯಕ್ಕೆ ಹೋಗಲೇಬಾರದಾ? ಏನೇನು ನೋಡಬೇಕು?

ಹೋಗಬಹುದು. ಆದರೆ ಮನೆ ಕೊಳ್ಳುವವರ ಹಾಗೆ ಕಾಗದ ನೋಡಿ ಹೋಗಬೇಕು. ಕ್ರಯಪತ್ರ ಯಾರ ಹೆಸರಲ್ಲಿದೆ, ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಯಾರ ಹೆಸರಲ್ಲಿದೆ, ಅಗ್ರಿಮೆಂಟಿಗೆ ಸೈನ್ ಹಾಕುವವರು ಅವರೇನಾ. ಗಂಡ ಹೆಂಡತಿ ಇಬ್ಬರ ಹೆಸರಿದ್ದರೆ ಇಬ್ಬರೂ ಸೈನ್ ಹಾಕಬೇಕು. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಪೋರ್ಟಲಲ್ಲಿ ಇಸಿ (ಋಣಭಾರ ಪತ್ರ) ನೀವೇ ತೆಗೆಸಿ, ಓನರ್ ಕೊಟ್ಟ ಜೆರಾಕ್ಸ್ ನಂಬಬೇಡಿ. ಬ್ಯಾಂಕ್ ಸಾಲ ಇದ್ದರೆ ಹೆಚ್ಚಾಗಿ ಅದರಲ್ಲಿ ಹಕ್ಕುಪತ್ರ ಒಪ್ಪಿಸಿದ ಎಂಟ್ರಿ ಕಾಣುತ್ತದೆ. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ, ಹಾಗಾಗಿ ಸರ್‌ಸೈ ಅನ್ನುವ ಕೇಂದ್ರದ ಅಡಮಾನ ದಾಖಲೆಯಲ್ಲೂ ಹುಡುಕಿ. ಅಲ್ಲಿ ಸಣ್ಣ ಫೀ ಕಟ್ಟಿ ಯಾರು ಬೇಕಾದರೂ ನೋಡಬಹುದು.

ಕೊನೆಯದು, ಮುಖ್ಯವಾದದ್ದು: ರಿಜಿಸ್ಟರ್. ಭೋಗ್ಯವೂ ಒಂದು ಥರ ಅಡಮಾನ. ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮೊತ್ತದ ಅಡಮಾನಕ್ಕೆ ನೋಂದಾಯಿತ ಪತ್ರ ಬೇಕು. (ಹಕ್ಕುಪತ್ರ ಇಟ್ಟುಕೊಂಡು ಬ್ಯಾಂಕ್ ಸಾಲ ಕೊಡುವುದು ಬೇರೆ ದಾರಿ.) ಆದರೂ ಲಕ್ಷಾಂತರ ರೂಪಾಯಿಯ ಭೋಗ್ಯ ಸ್ಟಾಂಪ್ ಪೇಪರ್ ಮೇಲೆ ನೋಟರಿ ಸೀಲ್ ಹಾಕಿಸಿಕೊಂಡು ನಡೆಯುತ್ತಿದೆ, ಯಾಕೆಂದರೆ ಸ್ಟಾಂಪ್ ಡ್ಯೂಟಿ ಕಟ್ಟಲು ಇಬ್ಬರಿಗೂ ಮನಸ್ಸಿಲ್ಲ. ನೋಟರಿ ಸೀಲು ನೋಂದಣಿ ಅಲ್ಲ. ಓನರ್ ಸಾಲ ಕಟ್ಟದೆ ಬ್ಯಾಂಕ್ 2002ರ ಸರ್ಫೇಸಿ ಅನ್ನುವ ಸಾಲ ವಸೂಲಿ ಕಾಯ್ದೆ ಅಡಿ ಬಂದರೆ, 60 ದಿನದ ನೋಟಿಸ್ ಕೊಟ್ಟು ಮನೆ ವಶಕ್ಕೆ ತಗೊಂಡು ಹರಾಜು ಹಾಕುತ್ತದೆ, ಆ ನೋಟಿಸ್ ಹೋಗುವುದು ಓನರ್‌ಗೆ. ನಿಮಗೆ ಗೊತ್ತಾಗುವುದು ಗೇಟಿಗೆ ಕಾಗದ ಅಂಟಿಸಿದಾಗ. ಆಮೇಲೆ ನಿಮ್ಮ ದುಡ್ಡಿಗೆ ನೀವು ಓನರ್ ಮೇಲೆ ಸಿವಿಲ್ ಕೋರ್ಟಲ್ಲಿ ಓಡಾಡಬೇಕು.

ಓನರ್ ಬದಲು ನಡುವೆ ಒಂದು ಕಂಪನಿ ಇದ್ದು, ಅದು ಓನರ್‌ಗೆ ತಿಂಗಳ ಬಾಡಿಗೆ ಕಟ್ಟುತ್ತೇವೆ ಅಂತ ಹೇಳಿ ನಿಮ್ಮಿಂದ ಗಂಟು ತಗೊಳ್ಳುತ್ತದೆ ಅಂದರೆ, ಅದಕ್ಕೆ ನನ್ನ ಉತ್ತರ ಒಂದೇ: ಬೇಡ. ಕಂಪನಿ ಬಾಡಿಗೆ ಕಟ್ಟುವುದು ನಿಲ್ಲಿಸಿದ ತಿಂಗಳೇ ಓನರ್ ನಿಮ್ಮ ಬಾಗಿಲಿಗೆ ಬರುತ್ತಾನೆ, ಆತನ ಪ್ರಕಾರ ನೀವು ಆತನಿಗೆ ಒಂದು ಪೈಸೆ ಕೊಟ್ಟಿಲ್ಲ.

ಬಾಡಿಗೆ ಕಟ್ಟೋದು ದಂಡ, ಅದೇ ದುಡ್ಡಲ್ಲಿ ಇಎಂಐ ಕಟ್ಟಬಹುದು ಅಂತ ಮಾವ ಹೇಳ್ತಾರೆ. ನಿಜಾನಾ?

ಎಲ್ಲರ ಮಾವನೂ ಇದೇ ಹೇಳುತ್ತಾರೆ. ಅವರ ಕಾಲದಲ್ಲಿ ಬಿಡಿಎ ಸೈಟ್ ಸಿಕ್ಕಿರುತ್ತದೆ, ಅವರ ಲೆಕ್ಕ ಅವರಿಗೆ ಸರಿ.

ಈಗಿನ ಲೆಕ್ಕ ನೋಡೋಣ. 80 ಲಕ್ಷದ ಫ್ಲಾಟ್. 64 ಲಕ್ಷ ಸಾಲ, ಶೇ. 8, 20 ವರ್ಷ ಅಂದರೆ ಇಎಂಐ ಸುಮಾರು 53,500. ಮೇಲೆ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್, ವರ್ಷಕ್ಕೊಮ್ಮೆ ಕಂದಾಯ. ಅಂಥದ್ದೇ ಫ್ಲಾಟ್ 25,000ಕ್ಕೆ ಬಾಡಿಗೆಗೆ ಸಿಗುವ ಏರಿಯಾ ಆದರೆ, "ಅದೇ ದುಡ್ಡಲ್ಲಿ" ಅನ್ನುವ ಮಾತು ಸುಳ್ಳು, ಎರಡರಷ್ಟು ದುಡ್ಡಲ್ಲಿ. ಮೊದಲ ವರ್ಷಗಳ ಇಎಂಐಯಲ್ಲಿ ಬಹುಪಾಲು ಬಡ್ಡಿಯೇ ಇರುತ್ತದೆ. 50 ಲಕ್ಷ ಸಾಲಕ್ಕೆ ಶೇ. 8ರಂತೆ 20 ವರ್ಷಕ್ಕೆ ಇಎಂಐ 41,822, ಅದರಲ್ಲಿ ಮೊದಲ ತಿಂಗಳು 33,333 ಬಡ್ಡಿಗೆ ಹೋಗಿ ಅಸಲಿಗೆ ಸೇರುವುದು 8,489. ಅದೂ ಒಂದು ಥರ ಬಾಡಿಗೆಯೇ, ಬ್ಯಾಂಕಿಗೆ ಕಟ್ಟುವ ಬಾಡಿಗೆ.

ಹಾಗಂತ ಮನೆ ತಗೊಳ್ಳಬೇಡಿ ಅಂತ ಹೇಳುತ್ತಿಲ್ಲ. ಹತ್ತು ವರ್ಷ ಇದೇ ಊರಲ್ಲಿ ಇರುತ್ತೀರಿ, ಮಕ್ಕಳ ಸ್ಕೂಲು ಗಟ್ಟಿಯಾಗಿದೆ, ಕೆಲಸ ಹೋದರೂ ಆರು ತಿಂಗಳ ಇಎಂಐ ಕೈಯಲ್ಲಿದೆ, ಪ್ರತಿ ವರ್ಷ ಓನರ್ ಮುಖ ನೋಡುವುದು ಸಾಕಾಗಿದೆ ಅಂದರೆ ತಗೊಳ್ಳಿ. ನೆಮ್ಮದಿಗೂ ಒಂದು ಬೆಲೆ ಇದೆ. ಆದರೆ ಬಾಡಿಗೆ ದಂಡ ಅನ್ನುವ ಒಂದೇ ಕಾರಣಕ್ಕೆ ಬೇಡ.

ಡೌನ್ ಪೇಮೆಂಟ್ ಶೇ. 20 ಇದ್ದರೆ ಸಾಕಾ?

ಸಾಕಾಗುವುದಿಲ್ಲ. ಆರ್‌ಬಿಐ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕಿಂತ ಮೇಲಿದ್ದರೆ ಶೇ. 75 ತನಕ ಬ್ಯಾಂಕ್ ಕೊಡಬಹುದು. ಈ ಬೆಲೆಯಲ್ಲಿ ಸಾಮಾನ್ಯವಾಗಿ ರಿಜಿಸ್ಟ್ರೇಷನ್ ಖರ್ಚು ಸೇರುವುದಿಲ್ಲ. ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು ಶೇ. 7.6. 80 ಲಕ್ಷದ ಮನೆಗೆ ಇದೇ 6 ಲಕ್ಷ ದಾಟಿತು. ಜೊತೆಗೆ ವಕೀಲರು, ಬ್ಯಾಂಕ್ ಪ್ರೊಸೆಸಿಂಗ್ ಫೀ, ಇಂಟೀರಿಯರ್. 16 ಲಕ್ಷ ಇದೆ ಅಂತ ಹೊರಟವರು 25 ಲಕ್ಷ ಹುಡುಕುತ್ತಾರೆ, ಆ ಒಂಬತ್ತು ಲಕ್ಷಕ್ಕೆ ಪರ್ಸನಲ್ ಲೋನ್ ತಗೊಂಡು ಎರಡು ಇಎಂಐ ಕಟ್ಟುತ್ತಾರೆ. ಇದು ಬೇಡ, ಒಂದು ವರ್ಷ ತಡೆದು ತಗೊಳ್ಳಿ.

ರೆಪೋ ರೇಟ್ ಇಳಿಯಿತು ಅಂತ ಪೇಪರಲ್ಲಿ ಬಂತು. ನನ್ನ ಇಎಂಐ ಅಷ್ಟೇ ಇದೆಯಲ್ಲ?

ರೆಪೋ ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ. 2025ರಲ್ಲಿ ಅದು ಶೇ. 6.5ರಿಂದ 5.25ಕ್ಕೆ ಇಳಿಯಿತು. ನಿಮಗೆ ಅದು ತಲುಪದಿರಲು ಎರಡು ಮೂರು ಕಾರಣ ಇರಬಹುದು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಬದಲಾಗುತ್ತಾ ಹೋಗುವ) ಗೃಹಸಾಲಗಳು ರೆಪೋದಂಥ ಹೊರಗಿನ ದರಕ್ಕೆ ಜೋಡಣೆಯಾಗಿರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಮರುಹೊಂದಿಸಬೇಕು. ನಿಮ್ಮದು ಅದಕ್ಕಿಂತ ಹಳೇ ಸಾಲ ಆಗಿದ್ದರೆ ನಿಧಾನಕ್ಕೆ ಇಳಿಯುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿಯದ್ದಾದರೆ ಅವರಿಗೆ ಈ ನಿಯಮವೇ ಇಲ್ಲ, ಅವರದ್ದೇ ದರ ಇರುತ್ತದೆ.

ಅಥವಾ ಬಡ್ಡಿ ಇಳಿದಿದೆ, ಆದರೆ ಬ್ಯಾಂಕ್ ಇಎಂಐ ಹಾಗೇ ಇಟ್ಟು ಕಂತುಗಳನ್ನು ಕಡಿಮೆ ಮಾಡಿದೆ. 2022, 23ರಲ್ಲಿ ಬಡ್ಡಿ ಏರಿದಾಗ ಎಷ್ಟೋ ಜನರ 20 ವರ್ಷದ ಸಾಲ ಸದ್ದಿಲ್ಲದೆ 25, 30 ವರ್ಷ ಆಯಿತು. ಸ್ಟೇಟ್‌ಮೆಂಟ್ ತೆಗೆಸಿ, ಬಾಕಿ ಕಂತು ಎಷ್ಟು ಅನ್ನುವುದನ್ನು ಮೊದಲು ನೋಡಿ. 2023ರ ಆಗಸ್ಟಲ್ಲಿ ಆರ್‌ಬಿಐ ಹೇಳಿದ ಪ್ರಕಾರ, ಬಡ್ಡಿ ಬದಲಾದಾಗ ಇಎಂಐ ಏರಿಸಬೇಕಾ, ಅವಧಿ ಏರಿಸಬೇಕಾ ಅನ್ನುವ ಆಯ್ಕೆ ನಿಮಗೆ ಕೊಡಬೇಕು. ಬ್ರಾಂಚಿಗೆ ಹೋಗಿ ಕೇಳಿ. ಹೊಸ ಗ್ರಾಹಕರಿಗೆ ಎಷ್ಟಕ್ಕೆ ಕೊಡುತ್ತಿದ್ದೀರಿ, ನನಗೆ ಯಾಕೆ ಜಾಸ್ತಿ, ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಸ್ವಲ್ಪ ಸ್ವಲ್ಪ ಮುಂಚೆ ಕಟ್ಟಿದರೆ ಉಪಯೋಗ ಇದೆಯಾ? ದಂಡ ಹಾಕ್ತಾರಾ?

ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲಕ್ಕೆ ದಂಡ ಹಾಕುವ ಹಾಗಿಲ್ಲ. ಮೇಲಿನ 50 ಲಕ್ಷದ ಉದಾಹರಣೆಯಲ್ಲಿ ವರ್ಷಕ್ಕೆ ಒಂದೇ ಒಂದು ಇಎಂಐ ಜಾಸ್ತಿ ಕಟ್ಟಿದರೆ ಸಾಲ ಮೂರು ವರ್ಷಕ್ಕೂ ಸ್ವಲ್ಪ ಜಾಸ್ತಿ ಬೇಗ ತೀರುತ್ತದೆ. ಬೋನಸ್ ಬಂದ ತಿಂಗಳು ಕಟ್ಟಿಬಿಡಿ. ಮೊದಲ ವರ್ಷಗಳಲ್ಲಿ ಕಟ್ಟಿದಷ್ಟೂ ಲಾಭ.

ಬಿ ಖಾತಾ ಸೈಟ್ ಕಮ್ಮಿಗೆ ಸಿಗ್ತಿದೆ, ತಗೊಳ್ಳಲಾ?

ಕಮ್ಮಿಗೆ ಸಿಗುತ್ತಿರುವುದೇ ಅದು ಬಿ ಖಾತಾ ಅಂತ. ಭೂಪರಿವರ್ತನೆ ಆಗದ, ಲೇಔಟ್ ಮಂಜೂರಾಗದ ರೆವಿನ್ಯೂ ಸೈಟುಗಳಿಂದಲೂ ತೆರಿಗೆ ವಸೂಲಿ ಮಾಡಲು ಹುಟ್ಟಿದ ಪಟ್ಟಿ ಅದು. ತೆರಿಗೆ ಕಟ್ಟಿದ ರಸೀದಿ ಇದ್ದ ಮಾತ್ರಕ್ಕೆ ಸಕ್ರಮ ಆಗುವುದಿಲ್ಲ. ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಕೊಡುವವರ ಬಡ್ಡಿ ಜಾಸ್ತಿ.

2025ರ ಕೊನೆಯಲ್ಲಿ ಬೆಂಗಳೂರಲ್ಲಿ ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಯೋಜನೆ ಬಂತು, ಮಾರ್ಗಸೂಚಿ ದರದ (ಸರ್ಕಾರ ಗೊತ್ತು ಮಾಡಿದ ಬೆಲೆ) ಶೇ. 5 ಶುಲ್ಕದ ಜೊತೆ. ಅದಾದ ಮೇಲೆ ಬ್ರೋಕರ್‌ಗಳು "ನಾಳೆ ಎ ಖಾತಾ ಆಗುತ್ತೆ ಸಾರ್" ಅಂತ ಇವತ್ತೇ ಎ ಖಾತಾ ರೇಟ್ ಹೇಳುತ್ತಿದ್ದಾರೆ. ಆಗಿ ಬರಲಿ, ಆಮೇಲೆ ಆ ರೇಟ್ ಕೊಡೋಣ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಬೇಕೇ ಬೇಕು, ಅದು ಮೊದಲು ಮಾರುವವರ ಹೆಸರಲ್ಲಿ ಬರಲಿ.

ಓಸಿ ಇಲ್ಲದ ಫ್ಲಾಟ್?

ಓಸಿ ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಪ್ರಮಾಣಪತ್ರ. ಅದಿಲ್ಲದೆಯೂ ಎಲ್ಲರೂ ಇದ್ದಾರಲ್ಲ ಅನ್ನುತ್ತಾರೆ, ಇದ್ದಾರೆ. ಆದರೆ 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ ಇಲ್ಲದ ಕಟ್ಟಡಗಳಿಗೆ ಹೊಸ ಕರೆಂಟ್, ನೀರಿನ ಸಂಪರ್ಕ ಕಷ್ಟವಾಯಿತು. 1,200 ಚದರಡಿವರೆಗಿನ ಸೈಟಲ್ಲಿ ಕಟ್ಟುವ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿದೆ, ಅಂದರೆ 30×40 ಸೈಟಿನವರು ಬಚಾವ್. ಅಪಾರ್ಟ್‌ಮೆಂಟಿಗೆ ಹಾಗಿಲ್ಲ. ಬಿಲ್ಡರ್ "ಅಪ್ಲೈ ಮಾಡಿದ್ದೇವೆ" ಅಂದರೆ ಬಂದಿಲ್ಲ ಅಂತ ಅರ್ಥ.

ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟಲ್ಲಿ ಬುಕ್ ಮಾಡಬಹುದಾ?

ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಲ್ಲಿ ಪ್ರಾಜೆಕ್ಟ್ ನಂಬರ್ ಹಾಕಿ ನೋಡಿ, ಮುಗಿಸುವ ದಿನಾಂಕ, ಕೋರ್ಟ್ ಕೇಸು ಎಲ್ಲ ಸಿಗುತ್ತದೆ. ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಶೇ. 10ಕ್ಕಿಂತ ಜಾಸ್ತಿ ದುಡ್ಡು ಕೇಳುವ ಹಾಗಿಲ್ಲ. ಜಿಎಸ್‌ಟಿ ಶೇ. 5 ಬೀಳುತ್ತದೆ, ಕಡಿಮೆ ಬೆಲೆಯ ಸಣ್ಣ ಮನೆಗೆ ಶೇ. 1, ಕಟ್ಟಿ ಮುಗಿದು ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಇಲ್ಲ. ಮನೆ ಕೈಗೆ ಬರುವ ತನಕ ಬಾಡಿಗೆ, ಸಾಲದ ಬಡ್ಡಿ ಎರಡೂ ಕಟ್ಟಬೇಕು, ಇದನ್ನು ಸೇಲ್ಸ್‌ನವರು ಹೇಳುವುದಿಲ್ಲ.

ಇಲ್ಲಿ ಬಾಡಿಗೆಗೇ ಇದ್ದು ಊರಲ್ಲಿ ಮನೆ ಕಟ್ಟಿದರೆ ಹೇಗೆ?

ತುಂಬಾ ಜನ ಹೀಗೇ ಮಾಡುತ್ತಿದ್ದಾರೆ, ನನಗಂತೂ ಇದು ಒಳ್ಳೇ ದಾರಿ ಅನ್ನಿಸುತ್ತದೆ, ಅಪ್ಪ ಅಮ್ಮ ಅಲ್ಲಿದ್ದರೆ ಇನ್ನೂ. ತೊಡಕು ಎರಡು. ಜಾಗ ಇನ್ನೂ ತಾತನ ಹೆಸರಲ್ಲೇ ಇರುತ್ತದೆ, ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರುವುದಿಲ್ಲ, ವಿಭಾಗವಾಗಿರುವುದಿಲ್ಲ. ಸೋದರತ್ತೆಯರು ಸೇರಿ ಪಾಲಿರುವವರೆಲ್ಲ ಸೈನ್ ಹಾಕಿದ ವಿಭಾಗಪತ್ರ ರಿಜಿಸ್ಟರ್ ಆಗದೆ ಬ್ಯಾಂಕ್ ಮುಟ್ಟುವುದಿಲ್ಲ. ಎರಡನೆಯದು, ಗ್ರಾಮಠಾಣದ (ಊರೊಳಗಿನ ವಾಸದ) ಜಾಗಕ್ಕೆ ಪಂಚಾಯ್ತಿಯ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಇರಬೇಕು. 2020ರ ತಿದ್ದುಪಡಿಯ ನಂತರ ಕೃಷಿ ಜಮೀನು ಯಾರು ಬೇಕಾದರೂ ಕೊಳ್ಳಬಹುದು, ಹಾಗಂತ ಕೊಂಡ ಹೊಲದಲ್ಲಿ ಸೈಟ್ ಮಾಡಿ ಮನೆ ಕಟ್ಟಲು ಆಗುವುದಿಲ್ಲ, ಪರಿವರ್ತನೆ ಬೇಕು.

ಓನರ್ ಅಮೆರಿಕಾದಲ್ಲಿದ್ದಾರೆ. ಬಾಡಿಗೆಯಲ್ಲಿ ಟಿಡಿಎಸ್ ಹಿಡೀಬೇಕು ಅಂತಾರೆ, ಹೌದಾ?

ಹೌದು, ಇದು ಬಹಳ ಜನರಿಗೆ ಗೊತ್ತಿಲ್ಲ. ಟಿಡಿಎಸ್ ಅಂದರೆ ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಓನರ್ ಇಲ್ಲೇ ಇದ್ದರೆ ತಿಂಗಳಿಗೆ 50,000 ಮೀರಿದ ಬಾಡಿಗೆಗೆ ಮಾತ್ರ ಶೇ. 2. ಎನ್‌ಆರ್‌ಐ ಆದರೆ ಬಾಡಿಗೆ ಎಷ್ಟೇ ಇರಲಿ ಶೇ. 30 ಮತ್ತು ಸೆಸ್, ಅದನ್ನು ಕಟ್ಟುವ ಹೊಣೆ ಬಾಡಿಗೆದಾರರದ್ದು. ಓನರ್ ಕಡಿಮೆ ದರದ ಸರ್ಟಿಫಿಕೇಟ್ ತಂದರೆ ಕಡಿಮೆ ಹಿಡಿಯಬಹುದು. ಒಬ್ಬ ಆಡಿಟರ್‌ನ ಕೇಳಿಯೇ ಮುಂದುವರಿಯಿರಿ, ನೋಟಿಸ್ ಬರುವುದು ನಿಮಗೆ.

ಸಾಲ ಪೂರ್ತಿ ತೀರಿತು. ಇನ್ನೇನಾದರೂ ಮಾಡಬೇಕಾ?

ಮಾಡಬೇಕು. ಮೂಲ ಕ್ರಯಪತ್ರ ಮತ್ತು ಉಳಿದ ಕಾಗದಗಳನ್ನು ಸಾಲ ತೀರಿದ 30 ದಿನದೊಳಗೆ ವಾಪಸ್ ಕೊಡಬೇಕು, ತಪ್ಪು ಬ್ಯಾಂಕಿನದಾಗಿ ತಡವಾದರೆ ದಿನಕ್ಕೆ 5,000 ರೂ. ನಿಮಗೆ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಕಾಗದದ ಪಟ್ಟಿ ಹಿಡಿದು ಒಂದೊಂದಾಗಿ ಟಿಕ್ ಮಾಡಿ ತಗೊಳ್ಳಿ. ಅಡಮಾನ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಬ್ಯಾಂಕಿನ ನೋ ಡ್ಯೂ ಪತ್ರ ಇದ್ದ ಮಾತ್ರಕ್ಕೆ ಇಸಿಯಲ್ಲಿ ಸಾಲ ಅಳಿಸಿಹೋಗುವುದಿಲ್ಲ. ಎರಡು ವಾರ ಬಿಟ್ಟು ಹೊಸ ಇಸಿ ತೆಗೆಸಿ ನೋಡಿ, ನಿಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್‌ನಲ್ಲೂ ಸಾಲ ಮುಗಿದಿದೆ ಅಂತ ಬಂದಿದೆಯಾ ನೋಡಿ.